ಬೀರುವಿನಲ್ಲಿ ‘ಎಕ್ಸಾಬೈಟ್’ ಡ್ರೈವಿನ 11 ಟೇಪು ಸಿಕ್ಕಿವೆ: ವಿಡಿಯೊ ಕ್ಯಾಸೆಟ್ಟಿನ ಬ್ಯಾಕಪ್ಪನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಹಳೆಪೆಟ್ಟಿಗೆ | ಶನಿವಾರ, ರಾತ್ರಿ 9:12

ಅಕ್ಕನ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಭಾವನ ಹಳೆಯ ಬೀರು ಖಾಲಿ ಮಾಡಬೇಕಾಯಿತು. ಕೆಳಗಿನ ಖಾನೆಯಲ್ಲಿ, ಮದುವೆಯ ಆಲ್ಬಮ್ಮಿನ ಅಡಿಯಲ್ಲಿ, ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಂಡಿದ್ದ 11 ಪುಟ್ಟ ಕ್ಯಾಸೆಟ್‌ಗಳು ಸಿಕ್ಕವು. ಹ್ಯಾಂಡಿಕ್ಯಾಮ್ ಟೇಪಿರಬೇಕು, ಮಕ್ಕಳ ನಾಮಕರಣದ ವಿಡಿಯೊ ಸಿಕ್ಕಿತು ಎಂದು ಅಕ್ಕ ಸಂಭ್ರಮಿಸಿದಳು. ಭಾವ ಕನ್ನಡಕ ಏರಿಸಿಕೊಂಡು ನೋಡಿ, “ಇದು ನನ್ನ ಪಿಎಚ್‌ಡಿ” ಎಂದರು.

ಭಾವ 1992ರಿಂದ 96ರವರೆಗೆ ಕೋಲಾರ ಜಿಲ್ಲೆಯ ಕೆರೆಗಳ ಮೇಲೆ ಸಂಶೋಧನೆ ಮಾಡಿದವರು. ಉಪಗ್ರಹ ಚಿತ್ರಗಳು, ಜೊತೆಗೆ ಹಳ್ಳಿಹಳ್ಳಿ ಸುತ್ತಿ ಬಾವಿಗಳಿಗೆ ಹಗ್ಗ ಇಳಿಸಿ ಅಳೆದ ನೀರಿನ ಮಟ್ಟದ ಪಟ್ಟಿಗಳು. ಅವೆಲ್ಲವನ್ನೂ ಸಂಸ್ಥೆಯ ಸನ್ ಕಂಪ್ಯೂಟರಿನಿಂದ, ಕ್ಯಾಸೆಟ್ಟಿಗೆ ಡೇಟಾ ಬರೆಯುವ ಎಕ್ಸಾಬೈಟ್ ಕಂಪನಿಯ 8200 ಡ್ರೈವಿನಲ್ಲಿ ಟೇಪಿಗೆ ಇಳಿಸಿದ್ದಾರೆ. ಏಳು ಕ್ಯಾಸೆಟ್‌ಗಳ ಮೇಲೆ ‘112 ಮೀ ಡೇಟಾ’ ಎಂದಿದೆ. ಉಳಿದ ನಾಲ್ಕು ಕ್ಯಾಮೆರಾ ಅಂಗಡಿಯಿಂದ ತಂದ ಮಾಮೂಲಿ 8 ಮಿಮೀ ವಿಡಿಯೊ ಟೇಪುಗಳು!

ಚಿತ್ರಗಳು ಹೋದರೆ ಹೋಗಲಿ, ಬಾವಿಯ ಪಟ್ಟಿ ಬೇಕು ಎನ್ನುತ್ತಿದ್ದಾರೆ. ಇವು ಇನ್ನೂ ಓದಲು ಬರುತ್ತವೆಯೇ? ಆ ಕಾಲದಲ್ಲಿಯಾದರೂ ಜನ ಇವನ್ನು ನಂಬುತ್ತಿದ್ದರೇ?

ಸ್ಕಸಿ ಸಂಕಟ | ಶನಿವಾರ, ರಾತ್ರಿ 9:20

ನಂಬುತ್ತಿದ್ದೆವು. ಬೇರೆ ಗತಿ ಇರಲಿಲ್ಲ.

ಎಂಜಿನಿಯರಮ್ಮ | ಶನಿವಾರ, ರಾತ್ರಿ 9:41

ಆಸೆ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ಸಿನಿಮಾ ನೋಡುವುದಕ್ಕೆಂದು ಮಾಡಿದ ಯಂತ್ರವನ್ನು ತಂದು ಕಚೇರಿಯ ಲೆಕ್ಕ ಇಡಿ ಎಂದರೆ ಅದು ಹೇಗೆ ಇಟ್ಟೀತು? ನಾನು ಒಂದು ಬ್ಯಾಂಕಿನ ಗಣಕ ವಿಭಾಗದಲ್ಲಿದ್ದೆ. ನಮ್ಮಲ್ಲಿ ಎರಡು ಎಕ್ಸಾಬೈಟ್ ಇದ್ದವು. ವಾರದ ಕೊನೆಯ ಬ್ಯಾಕಪ್ ನಡೆಯುವ ರಾತ್ರಿ ಯಾರಿಗೂ ನಿದ್ದೆ ಇರುತ್ತಿರಲಿಲ್ಲ. ಬರೆಯುವಾಗ ಎಲ್ಲ ಸರಿ ಎನ್ನುತ್ತಿತ್ತು, ಓದಲು ಹೋದರೆ ಕೈಕೊಡುತ್ತಿತ್ತು. ಡಿಎಲ್‌ಟಿ ಎಂಬ ಬೇರೆ ಬಗೆಯ ಡೇಟಾ ಟೇಪು ಬಂದ ಮೇಲೆಯೇ ನಾವು ಮನುಷ್ಯರಂತೆ ಮನೆಗೆ ಹೋದದ್ದು.

ಟೇಪುರಾಯ | ಶನಿವಾರ, ರಾತ್ರಿ 10:27

ಅಮ್ಮಾ, ಕುಣಿಯಲಾರದವಳಿಗೆ ನೆಲ ಡೊಂಕು ಎಂದಂತಾಯಿತು. 1989ರಿಂದ 2001ರವರೆಗೆ ಈ ಡ್ರೈವ್‌ಗಳ ಜೊತೆ ಸಂಸಾರ ಮಾಡಿದವನು ನಾನು, ಎರಡು ಮಾತು ಹೇಳುತ್ತೇನೆ.

ಎಕ್ಸಾಬೈಟ್ ಕಂಪನಿ ಅಮೆರಿಕದ ಕೊಲರಾಡೊದ ಬೌಲ್ಡರ್‌ನದು. 1987ರಲ್ಲಿ ಬಂದ ಅವರ 8200ರ ಒಳಗಿನ ಟೇಪು ಓಡಿಸುವ ಯಂತ್ರ ಸೋನಿಯ 8 ಮಿಮೀ ವಿಡಿಯೊದ್ದು ಎಂಬುದು ನಿಜ. ಆದರೆ ಅದರ ಮೇಲೆ ಕೂರಿಸಿದ ಇಲೆಕ್ಟ್ರಾನಿಕ್ಸ್ ಪೂರ್ತಿ ಬೇರೆ. ತಿರುಗುವ ಡ್ರಮ್ಮಿನಲ್ಲಿ ಬರೆಯುವ ಹೆಡ್ಡಿನ ಹಿಂದೆಯೇ ಓದುವ ಹೆಡ್ಡೂ ಇತ್ತು. ಬರೆದದ್ದನ್ನು ಆ ಕ್ಷಣವೇ ಓದಿ, ತಪ್ಪಿದ್ದರೆ ಮುಂದೆ ಮತ್ತೊಮ್ಮೆ ಬರೆಯುತ್ತಿತ್ತು. ಮನೆಯ ವಿಸಿಆರ್ ಎಂದಾದರೂ ಹಾಗೆ ಮಾಡಿದೆಯೇ?

ಲೆಕ್ಕ ನೋಡಿ. ಡ್ರಮ್ಮು ನಿಮಿಷಕ್ಕೆ 1800 ಸುತ್ತು, ಅಂದರೆ ಸೆಕೆಂಡಿಗೆ 30. ಒಂದು ಸುತ್ತಿಗೆ ಟೇಪಿನ ಮೇಲೆ ಓರೆಯಾಗಿ ಒಂದು ಗೆರೆ, ಒಂದು ಗೆರೆಗೆ 1 ಕೆಬಿಯ 8 ತುಂಡುಗಳು. ಸೆಕೆಂಡಿಗೆ ಸುಮಾರು 240 ಕೆಬಿ ಆಯಿತು. ಎರಡೂವರೆ ಗಂಟೆಯಲ್ಲಿ 2.3 ಜಿಬಿ, ಅಂಗಿಯ ಜೇಬಿನಲ್ಲಿ! ಆಗಿನ ಒಂಬತ್ತು ಟ್ರ್ಯಾಕಿನ 2400 ಅಡಿ ರೀಲು ಹಿಡಿಸುತ್ತಿದ್ದದ್ದು ಸುಮಾರು 140 ಎಂಬಿ. ಒಂದು ಕ್ಯಾಸೆಟ್ಟಿಗೆ ಬದಲು ಹದಿನಾರು ರೀಲು ಹೊತ್ತುಕೊಂಡು ಮೆಟ್ಟಿಲು ಹತ್ತಿದವರಿಗೆ ಗೊತ್ತು ಅದರ ಬೆಲೆ.

ನಾಳೆ ನೋಡೋಣ | ಶನಿವಾರ, ರಾತ್ರಿ 10:35

ಕ್ಲೌಡಿನಲ್ಲಿ ಇಟ್ಟಿದ್ದರೆ ಇಷ್ಟೆಲ್ಲ ರಗಳೆ ಇರುತ್ತಿರಲಿಲ್ಲ ಅಲ್ಲವೇ?

ಸ್ಕಸಿ ಸಂಕಟ | ಶನಿವಾರ, ರಾತ್ರಿ 10:36

ತಮ್ಮಾ, 1992ರಲ್ಲಿ ಮೋಡದಿಂದ ಬರುತ್ತಿದ್ದದ್ದು ಮಳೆ ಮಾತ್ರ. ಕೋಲಾರದಲ್ಲಿ ಅದೂ ಇಲ್ಲ.

ಕಡಲತಡಿ | ಶನಿವಾರ, ರಾತ್ರಿ 11:03

ನನಗೆ ಕಂಪ್ಯೂಟರ್ ಗೊತ್ತಿಲ್ಲ, ಟೇಪು ಗೊತ್ತು. ಮಂಗಳೂರಿನಲ್ಲಿ ಹನ್ನೊಂದು ವರ್ಷ ವಿಡಿಯೊ ಲೈಬ್ರರಿ ನಡೆಸಿದ್ದೇನೆ. ಮೊದಲು ಬೂಷ್ಟು ಹಿಡಿದಿದೆಯೇ ನೋಡಿ. ಕ್ಯಾಸೆಟ್ಟಿನ ಕಿಟಕಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸುತ್ತಿದ ಟೇಪಿನ ಅಂಚು ಕನ್ನಡಿಯಂತೆ ಕಪ್ಪಗೆ ಹೊಳೆಯಬೇಕು. ಅದರ ಮೇಲೆ ಅಕ್ಕಿಹಿಟ್ಟು ಚಿಮುಕಿಸಿದಂತೆ ಬಿಳಿ ಚುಕ್ಕೆ ಅಥವಾ ಜೇಡರ ಬಲೆಯಂಥ ಎಳೆ ಕಂಡರೆ ಆ ಟೇಪನ್ನು ಯಂತ್ರಕ್ಕೆ ಹಾಕಲೇಬೇಡಿ. ಬೂಷ್ಟು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಹಾಕಿದ ಒಳ್ಳೆಯ ಟೇಪಿಗೂ ಅಂಟುತ್ತದೆ. ನಮ್ಮೂರಿನ ಆಟಿ ತಿಂಗಳ ಮಳೆಯಲ್ಲಿ ಒಂದೇ ಕ್ಯಾಸೆಟ್ಟಿನಿಂದ ನನ್ನ ಮೂರು ವಿಸಿಆರ್ ಮಲಗಿದ್ದವು. ಗಿರಾಕಿ ಹಿಂದಿರುಗಿಸಿದ ಪ್ರತಿ ಕ್ಯಾಸೆಟ್ಟನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಅಂದಿನಿಂದ ಬಂತು. ಈಗ ಉಪ್ಪಿನಕಾಯಿಯ ಭರಣಿಯನ್ನೂ ಹಾಗೆಯೇ ನೋಡುತ್ತೇನೆ, ಮನೆಯವಳು ಬೈಯುತ್ತಾಳೆ.

ಹಳೆಪೆಟ್ಟಿಗೆ | ಭಾನುವಾರ, ಬೆಳಿಗ್ಗೆ 7:50

ನೋಡಿದೆ. ಹತ್ತು ಹೊಳೆಯುತ್ತಿವೆ. ಒಂದರ ಅಂಚಿನಲ್ಲಿ ನೀವು ಹೇಳಿದ ಅಕ್ಕಿಹಿಟ್ಟು ಇದೆ, ಅದನ್ನು ಬೇರೆ ಡಬ್ಬಿಗೆ ಹಾಕಿದ್ದೇನೆ. ಧನ್ಯವಾದ ಸರ್.

ಬಿಸಿಲು ಬೆಳದಿಂಗಳು | ಭಾನುವಾರ, ಬೆಳಿಗ್ಗೆ 8:15

ಹಳೆಯ ಟೇಪನ್ನು ಓವನ್ನಿನಲ್ಲಿ ಬಿಸಿ ಮಾಡಿದರೆ ಸರಿಹೋಗುತ್ತದೆಯಂತೆ. ಓವನ್ ಇಲ್ಲದಿದ್ದರೆ ತಾರಸಿಯ ಬಿಸಿಲಿಗೆ ಹಪ್ಪಳದಂತೆ ಹರವಬಹುದೇನೋ.

ಟೇಪುರಾಯ | ಭಾನುವಾರ, ಬೆಳಿಗ್ಗೆ 8:22

ದಯವಿಟ್ಟು ಬೇಡ! ಬಿಸಿ ಮಾಡುವ ಮದ್ದು ಬೇರೆ ರೋಗಕ್ಕೆ. ಎಪ್ಪತ್ತು-ಎಂಬತ್ತರ ದಶಕದ ಕೆಲವು ರೀಲು ಟೇಪುಗಳಲ್ಲಿ ಕಾಂತಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತಿತ್ತು. ಅವನ್ನು ಐವತ್ತು ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ, ತಿಳಿದವರು ಮುಂದೆ ಕುಳಿತು ಕಾಯಿಸುತ್ತಾರೆ. ಇವು ಲೋಹದ ಪುಡಿಯ ಟೇಪುಗಳು, ಜಿಗುಟಾಗಿವೆ ಎಂದು ಯಾರೂ ಹೇಳಿಲ್ಲ. ತಾರಸಿಗೆ ಹಾಕಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಅಷ್ಟೇ. ಹಪ್ಪಳ ಹಾಕಿ, ಸಂಜೆ ಕಾಫಿಗೆ ಆಗುತ್ತದೆ.

ಮಾಸ್ಕೋ ಮಸಾಲೆ | ಭಾನುವಾರ, ಬೆಳಿಗ್ಗೆ 11:40

ವಿಡಿಯೊ ಟೇಪು ಎಂದೊಡನೆ ನನಗೆ ಆರ್‌ವಿಡ್ ನೆನಪಾಯಿತು. ತೊಂಬತ್ತರ ದಶಕದಲ್ಲಿ ಮಾಸ್ಕೋದಲ್ಲಿ ವೈದ್ಯಕೀಯ ಓದುತ್ತಿದ್ದಾಗ ಹಾಸ್ಟೆಲಿನ ಕೋಣೆಗಾರನ ಬಳಿ ಇತ್ತು. ಮಾಸ್ಕೋ ಪಕ್ಕದ ಝೆಲೆನೊಗ್ರಾದ್‌ನಲ್ಲಿ ತಯಾರಾದ ಒಂದು ಐಎಸ್‌ಎ ಕಾರ್ಡು ಅದು. ಪಿಸಿಗೆ ಕಾರ್ಡು ಚುಚ್ಚಿ, ಅದರಿಂದ ಸಾಧಾರಣ ವಿಎಚ್‌ಎಸ್ ವಿಸಿಆರ್‌ಗೆ ವಿಡಿಯೊ ತಂತಿ ಎಳೆದರೆ ಆಯಿತು. ಮೂರು ಗಂಟೆಯ ಒಂದು ಕ್ಯಾಸೆಟ್ಟಿಗೆ 2 ಜಿಬಿ ಹಿಡಿಸುತ್ತಿತ್ತು. ಇನ್ನೊಂದು ತಂತಿಯ ತುದಿಯಲ್ಲಿ ಪುಟ್ಟ ದೀಪ, ಅದನ್ನು ವಿಸಿಆರ್‌ನ ಮೂತಿಗೆ ಅಂಟಿಸಬೇಕು. ರಿಮೋಟಿನ ಬದಲು ಅದೇ ‘ಪ್ಲೇ’, ‘ರಿವೈಂಡ್’ ಒತ್ತುತ್ತಿತ್ತು. ರಾತ್ರಿ ಎರಡಕ್ಕೆ ವಿಸಿಆರ್ ತನ್ನಷ್ಟಕ್ಕೆ ತಾನೇ ಎದ್ದು ಗರ್ ಎಂದಾಗ ಮೊದಲ ದಿನ ನಾನು ಹೊದಿಕೆ ಎಳೆದುಕೊಂಡಿದ್ದೆ.

ಟಿವಿಗೆ ಹಾಕಿ ನೋಡಿದರೆ ಪರದೆಯ ತುಂಬ ಕಪ್ಪು ಬಿಳುಪು ಚುಕ್ಕೆಗಳ ಜಾತ್ರೆ. ಬೂದು ಬಣ್ಣದ ನಾಜೂಕು ಯಾವುದೂ ಇಲ್ಲ, ಎರಡೇ ಮಟ್ಟ. ಅದಕ್ಕೇ ಒಬ್ಬರ ವಿಸಿಆರ್‌ನಲ್ಲಿ ಬರೆದದ್ದು ಇನ್ನೊಬ್ಬರದರಲ್ಲಿ ಓದಲು ಬರುತ್ತಿತ್ತು. ತಪ್ಪು ತಿದ್ದುವುದಕ್ಕೆ ಹ್ಯಾಮಿಂಗ್ ಕೋಡ್ ಬೇರೆ. ಸಿಡಿ ಬರೆಯುವುದು ಅಗ್ಗವಾಗುವವರೆಗೆ ಅಲ್ಲಿ ಅದರದೇ ರಾಜ್ಯಭಾರ.

ಎಂಜಿನಿಯರಮ್ಮ | ಭಾನುವಾರ, ಮಧ್ಯಾಹ್ನ 12:05

ಒಪ್ಪುತ್ತೇನೆ, ಆದರೆ ಅಲ್ಲೇ ಇದೆ ನೋಡಿ ನನ್ನ ತಕರಾರು. ಟೇಪಿನ ಮೇಲೆ ಒಂದು ಧೂಳಿನ ಕಣ ಕುಳಿತು ಚಿತ್ರದ ಒಂದು ಗೆರೆ ಹಾರಿಹೋಯಿತು ಎನ್ನಿ. ವಿಸಿಆರ್ ಏನು ಮಾಡುತ್ತದೆ? ಹಿಂದಿನ ಗೆರೆಯನ್ನೇ ನಕಲು ಮಾಡಿ ಅಲ್ಲಿ ಅಂಟಿಸುತ್ತದೆ. ನಾಯಕನ ಮೀಸೆ ಕೂದಲೆಳೆಯಷ್ಟು ದಪ್ಪವಾದರೆ ಯಾರಿಗೂ ಗೊತ್ತಾಗುವುದಿಲ್ಲ. ಖಾತೆಯ ಮೊತ್ತದಲ್ಲಿ ಹಿಂದಿನ ಗೆರೆಯನ್ನು ನಕಲು ಮಾಡಿದರೆ? ಕಣ್ಣಿಗೆ ಮೋಸ ಮಾಡುವುದನ್ನೇ ಗುಣ ಎಂದುಕೊಂಡು ಬೆಳೆದ ಯಂತ್ರ ಅದು. ಅದನ್ನು ಮೀರಲು ಪ್ರತಿ ತುಂಡಿಗೂ ತಿದ್ದುಪಡಿಯ ಬಿಟ್ಟುಗಳನ್ನು ಹೇರಬೇಕಾಯಿತು. ಎಂಬತ್ತರ ದಶಕದಲ್ಲಿ ಆಲ್ಫಾ ಮೈಕ್ರೋದವರ ವಿಡಿಯೊಟ್ರ್ಯಾಕ್ಸ್ ಎಂಬ ಬ್ಯಾಕಪ್ ಸಾಧನ ಎರಡು ಗಂಟೆಯ ವಿಎಚ್‌ಎಸ್ ಟೇಪಿನಲ್ಲಿ ಇಡುತ್ತಿದ್ದದ್ದು 80 ಎಂಬಿ ಮಾತ್ರ. ಅದಕ್ಕೂ ಮೊದಲಿನ ಕಾರ್ವಸ್ ಮಿರರ್ ಎಂಬ ಅಂಥದೇ ಸಾಧನ ನಿಮಿಷಕ್ಕೆ ಸುಮಾರು ಒಂದು ಎಂಬಿ ಬರೆಯುತ್ತಿತ್ತು.

ತಾಳಮದ್ದಳೆ | ಭಾನುವಾರ, ಮಧ್ಯಾಹ್ನ 1:30

ವಿಷಯ ಸ್ವಲ್ಪ ಬೇರೆ, ಆದರೂ ಹೇಳಿಬಿಡುತ್ತೇನೆ. ಸಿಡಿ ಹಾಡಿನಲ್ಲಿ ಸೆಕೆಂಡಿಗೆ ಧ್ವನಿಯ 44,100 ಮಾದರಿ ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಗೊತ್ತೇ? ವಿಡಿಯೊ ಟೇಪಿನಿಂದಲೇ! ಆಗ ಡಿಜಿಟಲ್ ಧ್ವನಿಯನ್ನು ಕಪ್ಪು ಬಿಳುಪು ಚಿತ್ರವಾಗಿಸಿ ಯು-ಮ್ಯಾಟಿಕ್ ಎಂಬ ವಿಡಿಯೊ ಟೇಪಿಗೆ ತುಂಬುತ್ತಿದ್ದರು. ಒಂದು ಗೆರೆಗೆ 3 ಮಾದರಿ. ಅಮೆರಿಕದ ಟಿವಿಯಲ್ಲಿ 245 ಗೆರೆ ಗುಣಿಸು 60, ನಮ್ಮ ಪಾಲ್ ಪದ್ಧತಿಯ ಟಿವಿಯಲ್ಲಿ 294 ಗೆರೆ ಗುಣಿಸು 50. ಎರಡನ್ನೂ ಮೂರರಿಂದ ಗುಣಿಸಿ ನೋಡಿ.

ಸ್ಕಸಿ ಸಂಕಟ | ಭಾನುವಾರ, ಮಧ್ಯಾಹ್ನ 1:34

ಗುಣಿಸಿದೆ. ಊಟ ಆರಿಹೋಯಿತು. ಆದರೆ ಸರಿ ಇದೆ.

ಇಲಿನಾಯ್ ಗಾಳಿ | ಭಾನುವಾರ, ರಾತ್ರಿ 8:10

ಷಿಕಾಗೋ ಪಕ್ಕದಿಂದ ಬರೆಯುತ್ತಿದ್ದೇನೆ. ಇಲ್ಲಿನ ಫರ್ಮಿಲ್ಯಾಬ್ ಎಂಬ ಭೌತವಿಜ್ಞಾನ ಪ್ರಯೋಗಾಲಯದಲ್ಲಿ 1991-92ರಲ್ಲಿ ಇ791 ಎಂಬ ಕಣ ಪ್ರಯೋಗ ನಡೆಯಿತು. 42 ಎಕ್ಸಾಬೈಟ್ ಡ್ರೈವ್‌ಗಳನ್ನು ಸಾಲಾಗಿ ಕಟ್ಟಿ, ಕಣಗಳ ಡಿಕ್ಕಿಯ ಸುಮಾರು 2,000 ಕೋಟಿ ಘಟನೆಗಳನ್ನು 24,000 ಕ್ಯಾಸೆಟ್‌ಗಳಿಗೆ ಬರೆದರು. ಒಟ್ಟು 50 ಟೆರಾಬೈಟ್, ಆ ಕಾಲಕ್ಕೆ! ಅದನ್ನು ಓದಿ ವಿಶ್ಲೇಷಿಸಿ ಪ್ರಬಂಧಗಳೂ ಬಂದವು. ಪೂರ್ತಿ ಕೆಲಸಕ್ಕೆ ಬಾರದ್ದಾಗಿದ್ದರೆ ಇದು ಆಗುತ್ತಿರಲಿಲ್ಲ.

ಎಂಜಿನಿಯರಮ್ಮನವರೇ, ಒಂದು ವ್ಯತ್ಯಾಸವನ್ನೂ ಹೇಳಬೇಕು. ಅಷ್ಟು ಘಟನೆಗಳಲ್ಲಿ ಒಂದು ಟೇಪು ಓದಲಾಗದಿದ್ದರೆ ವಿಜ್ಞಾನಿ ಹೆಗಲು ಕುಣಿಸಿ ಮುಂದೆ ಹೋಗುತ್ತಾನೆ. ನಿಮ್ಮ ಬ್ಯಾಂಕಿನಲ್ಲಿ ಹಾಗೆ ಮಾಡಲು ಬರುವುದಿಲ್ಲ.

ಎಂಜಿನಿಯರಮ್ಮ | ಭಾನುವಾರ, ರಾತ್ರಿ 8:32

ಹೆಗಲು ಕುಣಿಸಿದ್ದರೆ ಮ್ಯಾನೇಜರು ನನ್ನನ್ನೇ ಕುಣಿಸುತ್ತಿದ್ದರು.

ಟೇಪುರಾಯ | ಭಾನುವಾರ, ರಾತ್ರಿ 9:15

ಹಾಗಾದರೆ ಡ್ರೈವ್‌ಗಳು ಯಾಕೆ ಕೆಡುತ್ತಿದ್ದವು ಎನ್ನುವುದನ್ನೂ ನಾನೇ ಹೇಳುತ್ತೇನೆ, ಪಕ್ಷಪಾತಿ ಎನ್ನಬೇಡಿ.

8200 ಓಡುತ್ತಲೇ ಇರಬೇಕಾದ ಕುದುರೆ. ಕಂಪ್ಯೂಟರ್ ಸೆಕೆಂಡಿಗೆ 240 ಕೆಬಿ ಕೊಡುತ್ತಿದ್ದರೆ ಸುಖವಾಗಿ ಓಡುತ್ತದೆ. ನಿಮ್ಮ ಯಂತ್ರ ನಿಧಾನವೋ, ನೆಟ್‌ವರ್ಕಿನ ಮೇಲಿಂದ ಬ್ಯಾಕಪ್ಪೋ, ಆಗ ಟೇಪು ನಿಲ್ಲುತ್ತದೆ, ಸ್ವಲ್ಪ ಹಿಂದೆ ಸರಿಯುತ್ತದೆ, ಮತ್ತೆ ಹೊರಡುತ್ತದೆ. ಕೋಣೆಯ ಹೊರಗೆ ನಿಂತರೂ ಆ ‘ಕಟಕ್... ಜುಂಯ್... ಕಟಕ್’ ಕೇಳಿಸುತ್ತಿತ್ತು. ನಿಂತಾಗಲೂ ಡ್ರಮ್ಮು ಅದೇ ಜಾಗವನ್ನು ಉಜ್ಜುತ್ತಲೇ ಇರುತ್ತದೆ. ತುಸು ಹೊತ್ತಿನ ಮೇಲೆ ಡ್ರೈವೇ ಟೇಪನ್ನು ಸಡಿಲಿಸುತ್ತದೆ, ನಿಜ. ಅಷ್ಟರಲ್ಲಿ ಕೆರೆದ ಪುಡಿ ಹೆಡ್ಡಿಗೆ ಮೆತ್ತಿರುತ್ತದೆ.

ಎರಡನೆಯದು ಶುಚಿ. ತಿಂಗಳಿಗೊಮ್ಮೆಯಾದರೂ ಕಂಪನಿ ಹೇಳಿದ ಕ್ಲೀನಿಂಗ್ ಕ್ಯಾಸೆಟ್ ಹಾಕಬೇಕಿತ್ತು. ನಮ್ಮಲ್ಲಿ ಒಬ್ಬ ಪುಣ್ಯಾತ್ಮ ಉಳಿತಾಯವೆಂದು ಹ್ಯಾಂಡಿಕ್ಯಾಮಿನ ಕ್ಲೀನರ್ ಹಾಕಿದ. ಅದು ಉಪ್ಪುಕಾಗದದ ತಮ್ಮ. ಹೆಡ್ಡು ಸವೆದು ಹೋಯಿತು. ಇನ್ನೊಬ್ಬ ಹತ್ತಿಯ ಕಡ್ಡಿಯಲ್ಲಿ ಒರೆಸಿದ, ಹತ್ತಿಯ ಎಳೆ ಹೆಡ್ಡಿಗೆ ಸಿಕ್ಕಿಕೊಂಡು ಉಳಿಯಿತು. ಎಂಜಿನಿಯರಮ್ಮನವರ ಬ್ಯಾಂಕಿನಲ್ಲಿ ಏನಾಗಿತ್ತೋ ನಾನು ಕೇಳುವುದಿಲ್ಲ.

ಎಂಜಿನಿಯರಮ್ಮ | ಭಾನುವಾರ, ರಾತ್ರಿ 9:20

ಕೇಳಬೇಡಿ. :)

ಆದರೆ ನೇರ ಓಡುವ ಡಿಎಲ್‌ಟಿಗೆ ಇಷ್ಟೆಲ್ಲ ಉಪಚಾರ ಬೇಕಿರಲಿಲ್ಲ. ಹೆಡ್ಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವುದಿಲ್ಲ, ಟೇಪನ್ನು ಕ್ಯಾಸೆಟ್ಟಿನಿಂದ ಹೊರಗೆಳೆದು ಡ್ರಮ್ಮಿಗೆ ಸುತ್ತುವ ಸರ್ಕಸ್ ಇಲ್ಲ. 2000ದಲ್ಲಿ 100 ಜಿಬಿಯ ಎಲ್‌ಟಿಒ ಟೇಪು ಬಂತು, ಅದೂ ನೇರ ಓಟದ್ದೇ. ಇವತ್ತಿಗೂ ಉಳಿದಿರುವುದು ಯಾವುದು ನೀವೇ ಹೇಳಿ.

ಟೇಪುರಾಯ | ಭಾನುವಾರ, ರಾತ್ರಿ 9:31

ಡಿಎಲ್‌ಟಿಯ ಟೇಪಿನ ತುದಿಯ ಕೊಕ್ಕೆ ಕಳಚಿ ಡ್ರೈವಿನ ಹೊಟ್ಟೆಯೊಳಗೆ ಹೋದದ್ದನ್ನು ಮರೆತಿರಾ? ಉಳಿದಿರುವುದು ಎಲ್‌ಟಿಒ, ಅದನ್ನು ಒಪ್ಪುತ್ತೇನೆ. ಸೋನಿಯವರ ಎಐಟಿ ಎಂಬ 8 ಮಿಮೀ ಡೇಟಾ ಟೇಪು 1996ರಲ್ಲಿ 25 ಜಿಬಿಯೊಂದಿಗೆ ಬಂದಾಗ 8 ಮಿಮೀ ಗೆದ್ದಿತು ಎಂದುಕೊಂಡಿದ್ದೆ. ಎಕ್ಸಾಬೈಟ್‌ನವರೂ ಅದೇ ವರ್ಷ ಸ್ವಂತ ಯಂತ್ರದ ಮ್ಯಾಮತ್ ತಂದರು. 2006ರ ಹೊತ್ತಿಗೆ ಕಂಪನಿಯ ಆಸ್ತಿ ಟ್ಯಾಂಡ್‌ಬರ್ಗ್ ಪಾಲಾಯಿತು.

ಹಳೆಪೆಟ್ಟಿಗೆ | ಸೋಮವಾರ, ರಾತ್ರಿ 10:05

ಇಲ್ಲಿ ಯುದ್ಧ ನಡೆಯುತ್ತಿರುವಾಗ ನಾನು ಡ್ರೈವ್ ಹುಡುಕುತ್ತ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಕಳೆದೆ. ಒಬ್ಬ ಅಂಗಡಿಯವ “ವಿಸಿಆರ್ ಬೇಕಾ?” ಎಂದ, ಇನ್ನೊಬ್ಬ ನಕ್ಕ. ಕೊನೆಗೆ ಟೇಪುರಾಯರೇ ಸಂದೇಶ ಕಳುಹಿಸಿ, ತಮ್ಮ ಅಟ್ಟದಲ್ಲಿದ್ದ ಎಕ್ಸಾಬೈಟ್ 8505 ಕೊಟ್ಟಿದ್ದಾರೆ. 8200ರಲ್ಲಿ ಬರೆದದ್ದನ್ನು ಇದು ಓದುತ್ತದಂತೆ. ಡ್ರೈವನ್ನು ಪಿಸಿಗೆ ಜೋಡಿಸುವ ಸ್ಕಸಿ ಕಾರ್ಡು, ಹಳೆಯ ಪಿಸಿ, ಲಿನಕ್ಸ್ ಎಲ್ಲ ಸಿದ್ಧ. ಆದರೆ ಡ್ರೈವ್ ಕಾಣಿಸುತ್ತಲೇ ಇಲ್ಲ.

ಸ್ಕಸಿ ಸಂಕಟ | ಸೋಮವಾರ, ರಾತ್ರಿ 10:07

ನನ್ನ ಹೆಸರು ಸುಮ್ಮನೆ ಇಟ್ಟುಕೊಂಡದ್ದಲ್ಲ. ಸ್ಕಸಿ ತಂತಿಯ ಕೊನೆಗೆ ಟರ್ಮಿನೇಟರ್, ಅಂದರೆ ತುದಿ ಮುಚ್ಚುವ ಪ್ಲಗ್ಗು, ಹಾಕಿದ್ದೀರಾ?

ಹಳೆಪೆಟ್ಟಿಗೆ | ಸೋಮವಾರ, ರಾತ್ರಿ 10:40

ಹಾಕಿರಲಿಲ್ಲ. ಈಗ ಕಾಣಿಸುತ್ತಿದೆ!

ಟೇಪುರಾಯ | ಸೋಮವಾರ, ರಾತ್ರಿ 10:52

ಅವಸರ ಬೇಡ. ಕ್ಯಾಸೆಟ್‌ಗಳು ಒಂದು ಹಗಲು ಒಂದು ರಾತ್ರಿ ಅದೇ ಕೋಣೆಯಲ್ಲಿರಲಿ. ಪ್ರತಿಯೊಂದರ ಬೆನ್ನಿನ ಪುಟ್ಟ ಜಾರುಗುಂಡಿಯನ್ನು ಬರೆಯಲಾಗದ ಕಡೆಗೆ ಸರಿಸಿ. ಬೇಡದ ಖಾಲಿ ಟೇಪೊಂದನ್ನು ಮೊದಲು ಹಾಕಿ ತೆಗೆಯಿರಿ, ನನ್ನ ಡ್ರೈವ್ ಟೇಪು ನುಂಗುವುದಿಲ್ಲ ಎಂದು ಖಾತ್ರಿಯಾಗಲಿ. ಆಮೇಲೆ ಕ್ಯಾಮೆರಾ ಅಂಗಡಿಯ ಟೇಪುಗಳಿಂದ ಶುರು ಮಾಡಬೇಡಿ.

ಹಳೆಪೆಟ್ಟಿಗೆ | ಬುಧವಾರ, ರಾತ್ರಿ 11:48

ವರದಿ ಒಪ್ಪಿಸುತ್ತೇನೆ.

ಬೂಷ್ಟಿನದನ್ನು ಬಿಟ್ಟು ಹತ್ತು ಟೇಪು. ಏಳು ಮೊದಲಿನಿಂದ ಕೊನೆಯವರೆಗೆ ಓದಿದವು, ಅವುಗಳಲ್ಲಿ ಮೂರು ಕ್ಯಾಮೆರಾ ಅಂಗಡಿಯವು! (ಟೇಪುರಾಯರ ಮುಖ ನೋಡಬೇಕಿತ್ತು.) ಒಂದು ಟೇಪು ಅರ್ಧದಲ್ಲಿ ನಿಂತಿತು, ಕ್ಲೀನಿಂಗ್ ಕ್ಯಾಸೆಟ್ ಹಾಕಿದ ಮೇಲೆ ಇನ್ನೂ ಸ್ವಲ್ಪ ಮುಂದೆ ಹೋಯಿತು. ಕೊನೆಯ ಎರಡು, 10 ಮತ್ತು 11, ಒಂದು ಅಕ್ಷರವನ್ನೂ ಕೊಡಲಿಲ್ಲ. ವಿಚಿತ್ರವೆಂದರೆ ನೋಡಲು ಎಲ್ಲಕ್ಕಿಂತ ಚೆನ್ನಾಗಿರುವುದು ಅವೇ. ಅಪ್ಪಟ ಡೇಟಾ ಟೇಪು, ಲೇಬಲ್ ಕೂಡ ಮಾಸಿಲ್ಲ.

ಮೂರನೆಯ ಟೇಪಿನಲ್ಲಿ ಬಾವಿಯ ಪಟ್ಟಿ ಸಿಕ್ಕಿತು. 2 ಜಿಬಿಯ ಚಿತ್ರಗಳ ನಡುವೆ 38 ಕೆಬಿಯ ಕಡತ. ತೆರೆದಾಗ ಮೊದಲ ಸಾಲು: ಹಳ್ಳಿಯ ಹೆಸರು, ತಾರೀಖು, 11.40 ಮೀಟರ್. ಭಾವ ಒಂದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ, “ಇದೆಲ್ಲ ಪ್ರಬಂಧದ ಅನುಬಂಧದಲ್ಲಿ ಅಚ್ಚಾಗಿದೆಯಲ್ಲ” ಎಂದು ಎದ್ದು ಹೋಗಿ ಕಪಾಟಿನಿಂದ ಕೆಂಪು ರಟ್ಟಿನ ಪುಸ್ತಕ ತಂದು ನನ್ನ ತೊಡೆಯ ಮೇಲೆ ಇಟ್ಟರು. ಐದು ದಿನ!

ಸ್ಕಸಿ ಸಂಕಟ | ಬುಧವಾರ, ರಾತ್ರಿ 11:51

ಕಾಗದದ ಬ್ಯಾಕಪ್. ಟರ್ಮಿನೇಟರ್ ಬೇಡ.

ಎಂಜಿನಿಯರಮ್ಮ | ಗುರುವಾರ, ಬೆಳಿಗ್ಗೆ 6:30

10 ಮತ್ತು 11 ಬರೆಯುವ ಮೊದಲು ಸಂಸ್ಥೆಯ ಡ್ರೈವ್ ರಿಪೇರಿಗೆ ಹೋಗಿತ್ತೇ ಎಂದು ಭಾವನವರನ್ನು ಕೇಳಿ. ನಮ್ಮ ಬ್ಯಾಂಕಿನ ಕಥೆ ಈಗ ಹೇಳಿಯೇಬಿಡುತ್ತೇನೆ. ಎರಡು ಡ್ರೈವ್‌ಗಳಲ್ಲಿ ಒಂದರ ಟೇಪು ಓಡುವ ದಾರಿ ಕೂದಲಿನಷ್ಟು ಓರೆಯಾಗಿತ್ತು. ಬರೆದದ್ದೂ ಓರೆ, ಓದುವುದೂ ಅದೇ ಓರೆಯಲ್ಲಿ, ಹಾಗಾಗಿ ಅದರ ಕಣ್ಣಿಗೆ ಎಲ್ಲ ಸರಿ. ಬರೆದೊಡನೆ ಓದಿ ನೋಡುತ್ತದೆ ಎಂದು ರಾಯರು ಹೊಗಳಿದರಲ್ಲ, ಅದೂ ಇದನ್ನು ಹಿಡಿಯಲಾರದು. ಎರಡು ವರ್ಷ ನಾವು ಆ ಡ್ರೈವಿನಲ್ಲೇ ಪರೀಕ್ಷಿಸಿ ನೆಮ್ಮದಿಯಾಗಿದ್ದೆವು. ಅದು ಸತ್ತ ದಿನ ಪಕ್ಕದ ಡ್ರೈವ್ ಒಂದು ಟೇಪನ್ನೂ ಗುರುತಿಸಲಿಲ್ಲ.

ಕಡಲತಡಿ | ಗುರುವಾರ, ಬೆಳಿಗ್ಗೆ 7:12

ಓಹೋ, ಇದು ಟ್ರ್ಯಾಕಿಂಗ್! ಬೇರೆ ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ ಹಾಕಿದಾಗ ಪರದೆಯ ಕೆಳಗೆ ಬಿಳಿ ಪಟ್ಟಿ ಕುಣಿಯುತ್ತಿತ್ತು. ವಿಸಿಆರ್‌ನ ಗುಂಡಿ ಸ್ವಲ್ಪ ತಿರುಗಿಸಿದರೆ ಸರಿಹೋಗುತ್ತಿತ್ತು. ನಿಮ್ಮ ಡ್ರೈವಿಗೆ ಆ ಗುಂಡಿ ಇಲ್ಲವೇ?

ಟೇಪುರಾಯ | ಗುರುವಾರ, ಬೆಳಿಗ್ಗೆ 7:40

ಇಲ್ಲ ಸ್ವಾಮಿ. ಗೆರೆಯ ಮೇಲೆ ನಿಲ್ಲುವುದನ್ನು ಅದು ತಾನೇ ನೋಡಿಕೊಳ್ಳುತ್ತದೆ, ಒಂದು ಮಿತಿಯವರೆಗೆ. ಅದರಾಚೆಗೆ ಡ್ರಮ್ಮಿನ ಎರಡೂ ಬದಿಯಲ್ಲಿ ಟೇಪಿಗೆ ದಾರಿ ತೋರಿಸುವ ಗೈಡ್ ಕಂಬಗಳ ಎತ್ತರವನ್ನೇ ತಿರುಗಿಸಿ ಆ ಟೇಪಿಗೆ ಹೊಂದಿಸಬೇಕು. ಆಮೇಲೆ ಡ್ರೈವ್ ಬೇರೆ ಟೇಪನ್ನು ಓದದೆ ಹೋಗಬಹುದು. ಎಂಜಿನಿಯರಮ್ಮನವರ ಮಾತಿಗೆ ನನ್ನ ಬಳಿ ಉತ್ತರವಿಲ್ಲ, ಈ ಸುತ್ತು ಅವರದೇ.

ಹಳೆಪೆಟ್ಟಿಗೆ | ಗುರುವಾರ, ರಾತ್ರಿ 9:02

ಭಾವನನ್ನು ಕೇಳಿದೆ. 96ರ ಆರಂಭದಲ್ಲಿ ಯಾರೋ ಡ್ರೈವನ್ನು ಮೇಜಿನಿಂದ ಬೀಳಿಸಿದ್ದರಂತೆ. “ಬಿದ್ದ ಮೇಲೂ ಚೆನ್ನಾಗಿಯೇ ಓಡುತ್ತಿತ್ತು” ಎಂದರು.

ಇನ್ನೊಂದು ಮಾತು ಈಗ ಬಾಯಿಬಿಟ್ಟಿದ್ದಾರೆ. ಪ್ರಬಂಧ ಒಪ್ಪಿಸಿದ ಮೇಲೂ ಒಂದು ಮಳೆಗಾಲ ಬಾವಿಗಳನ್ನು ಅಳೆದಿದ್ದರಂತೆ. ಅದು ಯಾವ ಅನುಬಂಧದಲ್ಲೂ ಇಲ್ಲ, 11ನೆಯ ಟೇಪಿನಲ್ಲಿ ಮಾತ್ರ.

ರಾಯರೇ, ನಿಮ್ಮ ಡ್ರೈವಿನ ಗೈಡ್ ಕಂಬ ತಿರುಗಿಸಲು ಅಪ್ಪಣೆ ಇದೆಯೇ?

ಟೇಪುರಾಯ | ಗುರುವಾರ, ರಾತ್ರಿ 9:30

ಮೊದಲು ಉಳಿದ ಎಂಟು ಟೇಪುಗಳಿಂದ ಓದಿದ್ದನ್ನೆಲ್ಲ ಎರಡು ಕಡೆ ಇಟ್ಟಿದ್ದೀರಿ ಎಂದು ಹೇಳಿ. ಆಮೇಲೆ ಭಾನುವಾರ ನಾನೇ ಬರುತ್ತೇನೆ. ನೀವು ಮುಟ್ಟಬೇಡಿ.

ಕಡಲತಡಿ | ಗುರುವಾರ, ರಾತ್ರಿ 9:44

ನನ್ನ ಬಳಿ ವಿಡಿಯೊ ಹೆಡ್ ಕೂರಿಸುವ ಸಣ್ಣ ಸ್ಕ್ರೂಡ್ರೈವರ್‌ಗಳ ಸೆಟ್ ಇನ್ನೂ ಇದೆ. ಶನಿವಾರ ರಾತ್ರಿಯ ಬಸ್ಸಿಗೆ ಹೊರಡಲೇ?

ಹಳೆಪೆಟ್ಟಿಗೆ | ಗುರುವಾರ, ರಾತ್ರಿ 9:46

ಬನ್ನಿ ಸರ್. ಅಕ್ಕ ಈಗಲೇ ಇಡ್ಲಿಗೆ ಎಷ್ಟು ಜನ ಎಂದು ಕೇಳುತ್ತಿದ್ದಾಳೆ.

ಎಂಜಿನಿಯರಮ್ಮ | ಗುರುವಾರ, ರಾತ್ರಿ 9:50

ನನ್ನನ್ನೂ ಸೇರಿಸಿ ಎಣಿಸಲು ಹೇಳಿ.